ಮಡಿಲಲ್ಲಿ ಹಿಡಿಸುವ ನಾಯಿ

ನಮ್ಮ ಬೆಳ್ಳಿ ಹಿತ್ತಿಲಲ್ಲಿ ಓಡುತ್ತ ಓಡುತ್ತ ಇದ್ದಕ್ಕಿದ್ದಂತೆ ಎಡ ಹಿಂಗಾಲನ್ನು ಮಡಚಿಕೊಂಡು, ಮೂರೇ ಕಾಲಿನಲ್ಲಿ ನಾಲ್ಕು ಹೆಜ್ಜೆ ಕುಪ್ಪಳಿಸುತ್ತಿದ್ದಳು. ಆಮೇಲೆ ಆ ಕಾಲನ್ನು ಒಮ್ಮೆ ಹಿಂದಕ್ಕೆ ಝಾಡಿಸಿ, ಏನೂ ಆಗದವಳಂತೆ ಮತ್ತೆ ಓಟ. ಅದು ಅವಳ ಆಟದ ರೀತಿ ಎಂದೇ ನಾವು ತಿಳಿದಿದ್ದೆವು. ಮನೆಗೆ ಬಂದವರಿಗೆ ಕರೆದು ತೋರಿಸಿದ್ದೂ ಉಂಟು. ಅವಳಿಗೆ ಎರಡು ತುಂಬಿದ ವರ್ಷ ರೇಬಿಸ್ ಚುಚ್ಚುಮದ್ದಿಗೆಂದು ಕರೆದುಕೊಂಡು ಹೋದಾಗ ಪಶುವೈದ್ಯರಿಗೆ ಈ ಕುಪ್ಪಳಿಕೆಯ ವಿಷಯ ಹೇಳಿದೆ. ಅವರು ಬೆಳ್ಳಿಯನ್ನು ಮೇಜಿನ ಮೇಲೆ ಪಕ್ಕಕ್ಕೆ ಮಲಗಿಸಿ, ನನ್ನ ಹೆಬ್ಬೆರಳನ್ನು ಅವಳ ಮಂಡಿಯ ಮೇಲೆ ಇಡಿಸಿ, "ಇಲ್ಲಿ ಒಳಗಡೆಗೆ ಸ್ವಲ್ಪ ಒತ್ತಿ ನೋಡಿ ಮೇಡಂ" ಅಂದರು. ಹುಣಸೆಬೀಜದಷ್ಟು ಗಟ್ಟಿಯಾದದ್ದೊಂದು ಬೆರಳಿನ ಕೆಳಗೆ ಟಕ್ಕೆಂದು ಪಕ್ಕಕ್ಕೆ ಜಾರಿತು. ಕಾಲು ನೀಡಿಸಿದೊಡನೆ ವಾಪಸ್ಸು ಜಾಗಕ್ಕೆ ಬಂದು ಕೂತಿತು. ಅದು ಅವಳ ಮಂಡಿಚಿಪ್ಪು.

ಬಾವಿಯ ರಾಟೆಯ ಮೇಲೆ ಹಗ್ಗ ಹೇಗೆ ಓಡುತ್ತದೋ ಹಾಗೆ ಮಂಡಿಚಿಪ್ಪು ತೊಡೆಮೂಳೆಯ ಕೆಳತುದಿಯ ತೋಡಿನಲ್ಲಿ ಮೇಲೆ ಕೆಳಗೆ ಓಡಾಡಬೇಕು. ರಾಟೆಯ ಅಂಚು ಸವೆದಿದ್ದರೆ ಹಗ್ಗ ಪಕ್ಕಕ್ಕೆ ಬೀಳುತ್ತದಲ್ಲ, ಹಾಗೇ ತೋಡು ಆಳವಿಲ್ಲದಿದ್ದರೆ, ಇಲ್ಲವೇ ಕಾಲಿನ ಮೂಳೆ ತುಸು ತಿರುಚಿಕೊಂಡಿದ್ದರೆ ಚಿಪ್ಪು ಜಾರುತ್ತದೆ, ಸಣ್ಣ ನಾಯಿಗಳಲ್ಲಿ ಹೆಚ್ಚಾಗಿ ಒಳಮಗ್ಗುಲಿಗೆ. ಪಮೇರಿಯನ್, ಚಿವಾವಾ, ಯಾರ್ಕ್‌ಷೈರ್ ಟೆರಿಯರ್‌ಗಳಲ್ಲಿ ಇದು ತೀರ ಸಾಮಾನ್ಯ, ತಾಯಿತಂದೆಯಿಂದ ಬರುವಂಥದ್ದು. ವೈದ್ಯರು ಇದನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಬೆಳ್ಳಿಯದು ಎರಡನೆಯದು. ಆಪರೇಷನ್ ಬೇಡ, ತೂಕ ಏರಬಾರದು, ನುಣುಪು ಟೈಲ್ಸ್ ಮೇಲೆ ಓಡಿಸಬೇಡಿ ಅಂದರು. ಅಂದೇ ಬರುವಾಗ ಎರಡು ಜಮಖಾನ ತಂದು ಹಜಾರದಲ್ಲಿ ಹಾಸಿದೆ.

ಸಣ್ಣ ನಾಯಿಯನ್ನು ಕಂಡರೆ ನಮಗೆ ಬೆಳೆಯದೆ ಉಳಿದ ಮರಿಯಂತೆ ಕಾಣುತ್ತದೆ, ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಅದು ಮರಿಯಲ್ಲ. ಮನುಷ್ಯರು ತಲೆತಲಾಂತರದಿಂದ ಆರಿಸಿ ಆರಿಸಿ ಕೂಡಿಸಿ ರೂಪಿಸಿದ ಮೈ ಅದು. ಆ ಆಯ್ಕೆಗೆ ಬೇಕಾದ ಕಚ್ಚಾವಸ್ತು ಎಲ್ಲಿತ್ತು ಎಂಬುದರ ಉತ್ತರ ಈಚೆಗೆ ಸಿಕ್ಕಿದ್ದು. ದೇಹದ ಬೆಳವಣಿಗೆಯನ್ನು ನಡೆಸುವ ಐಜಿಎಫ್-1 ಎಂಬ ಜೀನ್ ನಾಯಿಯ ಗಾತ್ರದಲ್ಲಿ ದೊಡ್ಡ ಪಾತ್ರ ವಹಿಸುತ್ತದೆ ಎಂದು 2007ರಲ್ಲಿ ತಿಳಿಯಿತು. ಹದಿನೈದು ವರ್ಷ ಕಳೆದ ಮೇಲೆ, 2022ರಲ್ಲಿ, ಅದರಲ್ಲಿನ ನಿರ್ಣಾಯಕ ವ್ಯತ್ಯಾಸ ಯಾವುದೆಂದು ಗೊತ್ತಾಯಿತು. ಹದಿನೈದು ಕಿಲೋ ಒಳಗಿನ ನಾಯಿಗಳಲ್ಲಿ ಸಾಮಾನ್ಯವಾಗಿ ಈ ಜೀನಿನ 'ಸಣ್ಣ' ರೂಪದ ಎರಡೂ ಪ್ರತಿಗಳಿರುತ್ತವೆ. ಇಪ್ಪತ್ತೈದು ಕಿಲೋ ಮೇಲ್ಪಟ್ಟವುಗಳಲ್ಲಿ 'ದೊಡ್ಡ' ರೂಪದ ಎರಡು. ಅಚ್ಚರಿ ಏನೆಂದರೆ, ಈ ಸಣ್ಣ ರೂಪ ಸಾಕುನಾಯಿಯಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಸೈಬೀರಿಯಾದ 54,000 ವರ್ಷ ಹಳೆಯ ತೋಳವೊಂದರ ಡಿಎನ್‌ಎಯಲ್ಲಿ ಅದು ಸಿಕ್ಕಿದೆ. ನರಿಗಳಲ್ಲೂ ಇದೆ. ತೋಳವನ್ನು ಮನುಷ್ಯ ಪಳಗಿಸುವ ಎಷ್ಟೋ ಮೊದಲೇ ಸಣ್ಣತನದ ಬೀಜ ಅಲ್ಲಿ ಮಲಗಿತ್ತು, ನಾವು ಅದನ್ನು ಹೆಕ್ಕಿ ಬಿತ್ತಿದೆವು. ಐಜಿಎಫ್-1 ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಗಾತ್ರದ ವ್ಯತ್ಯಾಸದಲ್ಲಿ ಅದರ ಪಾಲು ಸುಮಾರು ಶೇ. 15. ಆದರೂ ಒಂದು ಜೀನಿಗೆ ಅದು ಬಹಳ ದೊಡ್ಡ ಪಾಲು.

ಹೆಕ್ಕುವುದು ಎಷ್ಟು ಬೇಗ ನಡೆಯಬಲ್ಲುದು ಎಂಬುದಕ್ಕೆ ಪಮೇರಿಯನ್ನೇ ಸಾಕ್ಷಿ. ಬಾಲ್ಟಿಕ್ ಸಮುದ್ರದ ದಂಡೆಯ ಪಮೇರೇನಿಯಾ ಇಂದು ಜರ್ಮನಿ ಮತ್ತು ಪೋಲೆಂಡ್‌ಗಳ ನಡುವೆ ಹಂಚಿಹೋಗಿರುವ ಸೀಮೆ. ಅಲ್ಲಿಂದ ಇಂಗ್ಲೆಂಡಿಗೆ ಬಂದ ಸ್ಪಿಟ್ಜ್ ನಾಯಿಗಳು ದೊಡ್ಡವೇ. ಹದಿನೆಂಟನೆಯ ಶತಮಾನದ ಚಿತ್ರಕಾರ ಗೇನ್ಸ್‌ಬರೋ ಬರೆದ ಪಮೇರಿಯನ್ ಚಿತ್ರಗಳಲ್ಲಿ ಅವು ನೀಳ ಮೂತಿಯ, ಮೈಕಟ್ಟಿನ ನಾಯಿಗಳಾಗಿ ನಿಂತಿವೆ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋದಾಗ ಮಾರ್ಕೊ ಎಂಬ ಪುಟ್ಟ ಪಮೇರಿಯನ್ ತಂದಳು. ಅದರ ತೂಕ ಐದೂವರೆ ಕಿಲೋ ಆಸುಪಾಸು. ರಾಣಿ ಮೆಚ್ಚಿದ್ದು ಊರಿಗೆಲ್ಲ ಬೇಕಾಯಿತು. ಚಿಕ್ಕದಕ್ಕೆ ಚಿಕ್ಕದನ್ನು ಕೂಡಿಸುತ್ತ ಹೋದರು. 1901ರಲ್ಲಿ ರಾಣಿ ಕೊನೆಯುಸಿರೆಳೆಯುವಾಗ ಹಾಸಿಗೆಯ ಮೇಲೆ ಟುರಿ ಎಂಬ ಅವಳ ಪಮೇರಿಯನ್ ಇತ್ತು. ಇವತ್ತಿನ ಪಮೇರಿಯನ್ನಿನ ತೂಕ ಎರಡು, ಎರಡೂವರೆ ಕಿಲೋ ಅಷ್ಟೇ.

ಹಾಗಾದರೆ ನಮ್ಮ ಬೀದಿಗಳಲ್ಲಿ ಗೇಟಿನ ಸಂದಿಯಿಂದ ಮೂತಿ ತೂರಿಸಿ ಬೊಗಳುತ್ತಿದ್ದ, ಆರೇಳು ಕಿಲೋ ತೂಗುತ್ತಿದ್ದ ಬಿಳಿ 'ಪಮೇರಿಯನ್' ಯಾವುದು? ಅದು ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್‌ಗಳ ಸಂತಾನ, ಇಲ್ಲಿನ ಬಿಸಿಲಿಗೆ, ಇಲ್ಲಿನ ಅನ್ನಕ್ಕೆ ಒಗ್ಗಿಕೊಂಡದ್ದು. 1994ರ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿಯನ್ನು ನೆನಪಿಸಿಕೊಳ್ಳಿ, ಅದೇ. ಬೆಳ್ಳಿಯೂ ಅದೇ ಕುಲದವಳು. ಈ ತಳಿಯ ಬಗ್ಗೆ ನನಗೆ ವಿಶೇಷ ಅಕ್ಕರೆ. ಮೂತಿ ಉದ್ದ, ಬೆನ್ನು ನೇರ, ಕಿವಿ ಚುರುಕು. ಸಣ್ಣದಾಗಿಯೂ ಅದು ಇನ್ನೂ ಪೂರ್ತಿ ನಾಯಿಯ ಆಕಾರದಲ್ಲೇ ಉಳಿದಿದೆ. ಈಗೀಗ ಅದನ್ನು ಕೇಳುವವರೇ ಕಡಿಮೆ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಕಳೆದ ಏಪ್ರಿಲ್‌ನಲ್ಲಿ, "ದೊಡ್ಡಮ್ಮ, ಪಗ್ ತರೋಣ ಅಂತಿದೀವಿ. ಫ್ಲ್ಯಾಟಿಗೆ ಅದೇ ಸರಿ ಅಂತಾರೆ ಎಲ್ಲ. ನೀವೇನಂತೀರಿ?" ಎಂದು ಕೇಳಿದಳು. ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ಮಧ್ಯಾಹ್ನದ ಹೊತ್ತು ಯಾವುದಾದರೂ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಕೂತು ಬಾ, ಒಂದು ಪಗ್ ಉಸಿರಾಡುವುದನ್ನು ಬರೀ ಕೇಳಿಸಿಕೊ ಎಂದೆ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವುದು ಗೊತ್ತಿಲ್ಲ. ಅದರ ಕೂಲರ್ ಇರುವುದು ಮೂಗಿನೊಳಗೆ. ಸಾಧಾರಣ ನಾಯಿಯ ಮೂತಿಯ ಒಳಗೆ ಸುರುಳಿ ಸುತ್ತಿದ ಕಾಗದದಂಥ ತೆಳುಮೂಳೆಗಳಿವೆ, ಅವುಗಳ ಮೇಲೆ ಒದ್ದೆ ಪೊರೆ. ಗಾಳಿ ಆ ಸುರುಳಿಗಳ ಮೇಲೆ ಹಾದಾಗ ಒದ್ದೆ ಆರುತ್ತದೆ, ರಕ್ತ ತಣ್ಣಗಾಗುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೇ. ನಾಲಗೆ ಚಾಚಿ ಏದುಸಿರು ಬಿಡುವುದೂ ಇದೇ ಕೆಲಸಕ್ಕೆ. ಪಗ್‌ನಲ್ಲಿ ಮೂತಿಯ ಮೂಳೆಯನ್ನು ಗಿಡ್ಡ ಮಾಡಿದ್ದೇವೆ, ಆದರೆ ಅದರ ಒಳಗಿನ ಮಾಂಸ ಅಷ್ಟೇ ಪ್ರಮಾಣದಲ್ಲಿ ಗಿಡ್ಡವಾಗಿಲ್ಲ. ಮೃದು ಅಂಗುಳ ಉದ್ದ ಉಳಿದು ಗಂಟಲಿಗೆ ಜೋತುಬೀಳುತ್ತದೆ. ಸುರುಳಿಮೂಳೆಗಳು ಇಕ್ಕಟ್ಟಿನಲ್ಲಿ ಒತ್ತಿಕೊಂಡಿರುತ್ತವೆ. ಹೊಳ್ಳೆ ಎಷ್ಟೋ ಪಗ್‌ಗಳಲ್ಲಿ ಬರೀ ಒಂದು ಗೀರು. ನಾವು 'ಎಷ್ಟು ಮುದ್ದಾಗಿ ಗೊರಕೆ ಹೊಡೆಯುತ್ತೆ' ಎನ್ನುವ ಸದ್ದು ಗಾಳಿಗಾಗಿ ಒದ್ದಾಡುತ್ತಿರುವ ಸದ್ದು. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106 ಮುಟ್ಟಿತೆಂದರೆ ಜೀವ ಅಪಾಯದಲ್ಲಿದೆ. ಬಿರುಬಿಸಿಲಿನಲ್ಲಿ ಒಂದು ಸುತ್ತು ವಾಕಿಂಗ್ ಹೋಗಿಬಂದರೂ ಪಗ್ ಅಲ್ಲಿಗೆ ಮುಟ್ಟಬಹುದು. ಹಾಗೇನಾದರೂ ಆದರೆ ಮೈಮೇಲೆ ನಲ್ಲಿನೀರು ಸುರಿದು, ಫ್ಯಾನಿನಡಿ ಇಟ್ಟು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇದು ಮೊದಲಿನಿಂದ ಹೀಗೇ ಇರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಪಗ್‌ನ ಮೂಲ ಚೀನಾ, ಅಲ್ಲಿನ ಅರಮನೆಗಳ ಮಡಿಲು. ಯುರೋಪಿಗೆ ಬಂದು ಹಾಲೆಂಡಿನ ಆರೆಂಜ್ ರಾಜಮನೆತನದ ಮುದ್ದಾಯಿತು. 1689ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ ವಿಲಿಯಂ ಮತ್ತು ಮೇರಿ ದಂಪತಿಯ ಜೊತೆ ಅಲ್ಲೂ ಮೆರೆಯಿತು. ಚಿತ್ರಕಾರ ವಿಲಿಯಂ ಹೊಗಾರ್ಥ್ 1745ರಲ್ಲಿ ತನ್ನ ಚಿತ್ರದ ಜೊತೆಗೆ ತನ್ನ ಪಗ್ ಟ್ರಂಪ್‌ನನ್ನೂ ಬರೆದ; ಆ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅದರಲ್ಲಿರುವ ನಾಯಿಗೆ ಚೆನ್ನಾಗಿ ಮುಂದೆ ಬಂದ ಮೂತಿ ಇದೆ, ಕಾಲೂ ಉದ್ದ. ಅದನ್ನು ನೋಡಿ ಇಂದಿನ ಪಗ್ ನೋಡಿದರೆ ಎದೆ ಚುರುಕ್ಕೆನ್ನುತ್ತದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2022ರಲ್ಲಿ, ಆರೋಗ್ಯದ ದೃಷ್ಟಿಯಿಂದ ಪಗ್ಗನ್ನು ಸಾಮಾನ್ಯ ನಾಯಿ ಎಂದು ಪರಿಗಣಿಸಲಾಗದು ಎಂಬ ತೀರ್ಮಾನಕ್ಕೆ ಬಂದರು. ನೆದರ್ಲೆಂಡ್ಸ್ ಸರ್ಕಾರ 2019ರಲ್ಲಿ, ಮೂತಿಯ ಉದ್ದ ತಲೆಬುರುಡೆಯ ಮೂರನೇ ಒಂದಕ್ಕಿಂತ ಕಡಿಮೆ ಇರುವ ನಾಯಿಗಳಿಂದ ಮರಿ ಮಾಡಿಸುವುದಕ್ಕೆ ತಡೆ ಹಾಕಿತು. ನಮ್ಮಲ್ಲಿ ಇದಕ್ಕೆ ತಿರುಗುಮುರುಗು ನಡೆಯಿತು. 2003ರ ಸುಮಾರಿಗೆ ಟಿವಿಯಲ್ಲಿ ಮೊಬೈಲ್ ಜಾಹೀರಾತೊಂದರಲ್ಲಿ ಪಗ್ ಹುಡುಗನ ಹಿಂದೆ ಹಿಂದೆ ಹೋದದ್ದೇ ಹೋದದ್ದು, ಊರಿಗೆಲ್ಲ ಪಗ್ ಬೇಕಾಯಿತು. ಶೀ ತ್ಸು ನಾಯಿಯದೂ ಗಿಡ್ಡ ಮೂತಿಯೇ. ಅದನ್ನು ತರುವವರು ಕೂದಲು ನೋಡುತ್ತಾರೆ, ಹೊಳ್ಳೆ ನೋಡುವುದಿಲ್ಲ.

ಡ್ಯಾಶ್‌ಹೌಂಡ್ ಕಥೆ ಬೇರೆ. ಜರ್ಮನ್ನರು ಅದನ್ನು ಮಡಿಲಿಗಲ್ಲ, ಬಿಲಕ್ಕೆ ಮಾಡಿದ್ದು. 'ಡಾಕ್ಸ್' ಅಂದರೆ ಬ್ಯಾಡ್ಜರ್, ನಮ್ಮ ತರಕರಡಿಯ ದೂರದ ನೆಂಟ. ಅದರ ಬಿಲಕ್ಕೆ ನುಗ್ಗಲು ಗಿಡ್ಡ ಕಾಲು, ನೀಳ ಮೈ ಬೇಕಿತ್ತು. ಆ ಗಿಡ್ಡ ಕಾಲು ಎಫ್‌ಜಿಎಫ್-4 ಎಂಬ ಜೀನಿನ ಒಂದು ಹೆಚ್ಚುವರಿ ಪ್ರತಿಯಿಂದ ಬಂದದ್ದು ಎಂದು 2009ರಲ್ಲಿ ಗೊತ್ತಾಯಿತು. ಅದೇ ಜೀನಿನ ಇನ್ನೊಂದು ಪ್ರತಿ ಬೆನ್ನುಮೂಳೆಗಳ ನಡುವಿನ ಡಿಸ್ಕುಗಳನ್ನು ಚಿಕ್ಕ ವಯಸ್ಸಿಗೇ ಒಣಗಿಸಿ ಗಡುಸು ಮಾಡುತ್ತದೆ ಎಂದು 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಕಂಡುಕೊಂಡರು. ಗಡುಸಾದ ಡಿಸ್ಕು ಒಡೆದು ಬೆನ್ನುಹುರಿಗೆ ಒತ್ತಿದರೆ ಹಿಂಗಾಲು ಸ್ವಾಧೀನ ತಪ್ಪುತ್ತದೆ. ಆದ್ದರಿಂದ ಡ್ಯಾಶ್‌ಹೌಂಡ್ ಇರುವ ಮನೆಯಲ್ಲಿ ದಿವಾನದಿಂದ ಧುಮುಕುವುದು, ಮೆಟ್ಟಿಲು ಹತ್ತಿಳಿಯುವುದು ಕಡಿಮೆ ಆಗಬೇಕು. ಎತ್ತುವಾಗ ಒಂದು ಕೈ ಎದೆಗೆ, ಒಂದು ಕೈ ಹಿಂಭಾಗಕ್ಕೆ ಇರಬೇಕು. ಅದು ಬೊಗಳುವುದನ್ನು, ಹೂಕುಂಡದ ಮಣ್ಣು ಕೆದರುವುದನ್ನು ತಪ್ಪೆಂದು ಹೊಡೆಯುವವರನ್ನು ಕಂಡಿದ್ದೇನೆ. ಅದರ ಕಸುಬೇ ಅದಾಗಿತ್ತು.

ಸಣ್ಣ ನಾಯಿಗಳಲ್ಲಿ ಎಲ್ಲರೂ ಮರೆಯುವುದು ಬಾಯಿ. ಚಿವಾವಾಗೂ ಗ್ರೇಟ್ ಡೇನ್‌ಗೂ ಹಲ್ಲು 42ರಂತೆಯೇ. ಪುಟ್ಟ ದವಡೆಯಲ್ಲಿ ಅಷ್ಟೂ ಒತ್ತೊತ್ತಾಗಿ ಕೂತು, ನಡುವೆ ಅಗುಳು ಸಿಕ್ಕಿ, ಹಳದಿ ಪದರ ಕಟ್ಟಿ, ವಸಡು ಕೊಳೆಯುತ್ತದೆ. ಏಳು ತಿಂಗಳಾದರೂ ಹಾಲುಹಲ್ಲಿನ ಕೋರೆ ಬೀಳದೆ ಪಕ್ಕದಲ್ಲೇ ಹೊಸ ಕೋರೆ ಬಂದಿದ್ದರೆ ಹಳೆಯದನ್ನು ತೆಗೆಸಬೇಕು. ಬೆರಳಿಗೆ ಬಟ್ಟೆ ಸುತ್ತಿ, ನಾಯಿಯ ಪೇಸ್ಟ್ ಹಚ್ಚಿ ದಿನಾ ಉಜ್ಜುವುದು ಮರಿಯಿದ್ದಾಗಲೇ ರೂಢಿಯಾದರೆ ಕಷ್ಟವಲ್ಲ. ನಮ್ಮ ಪೇಸ್ಟ್ ಬೇಡ, ಅದು ನುಂಗುವುದಕ್ಕಲ್ಲ.

ಕತ್ತಿನ ಬೆಲ್ಟೂ ಬೇಡ. ಸಣ್ಣ ತಳಿಗಳ ಶ್ವಾಸನಾಳದ ಮೃದ್ವಸ್ಥಿಯ ಬಳೆಗಳು ಎಷ್ಟೋ ಸಲ ದುರ್ಬಲ, ಎಳೆದಾಗ ಚಪ್ಪಟೆಯಾಗಿ ಬಾತುಕೋಳಿ ಕೂಗಿದಂಥ ಕೆಮ್ಮು ಬರುತ್ತದೆ. ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಇನ್ನು ಸ್ಪಿಟ್ಜ್, ಪಮೇರಿಯನ್‌ಗಳಿಗೆ ಬೇಸಿಗೆ ಬಂತೆಂದು ತಲೆಬೋಳಿಸಿದ ಹಾಗೆ ಮೈಬೋಳಿಸಬೇಡಿ. ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಮತ್ತೆ ಸರಿಯಾಗಿ ಬೆಳೆಯದೆಯೂ ಇರಬಹುದು. ಬಾಚಿ, ಉಣ್ಣಿ ಹುಡುಕಿ ತೆಗೆಯಿರಿ. ಉಣ್ಣಿಯಿಂದ ಬರುವ ಜ್ವರ ನಮ್ಮ ಕಡೆ ವರ್ಷವಿಡೀ ಇದ್ದದ್ದೇ.

ಊಟದಲ್ಲಿ ನಾವು ಪ್ರೀತಿಯಿಂದಲೇ ತಪ್ಪುತ್ತೇವೆ. ಮೂರು ಕಿಲೋ ನಾಯಿ ಸುಮ್ಮನೆ ಬಿದ್ದುಕೊಂಡಿರಲು ದಿನಕ್ಕೆ ಸುಮಾರು 160 ಕಿಲೋಕ್ಯಾಲೊರಿ ಸಾಕು. ನಾವು ತಟ್ಟೆಯಿಂದ ಎತ್ತಿ ಹಾಕುವ ಒಂದು ಚಪಾತಿಯಲ್ಲೇ ನೂರರ ಆಸುಪಾಸು ಇರುತ್ತದೆ. ಹಾಗೆಂದು ಮರಿಗೆ ಹೊಟ್ಟೆ ಖಾಲಿ ಬಿಡುವಂತಿಲ್ಲ. ಪುಟ್ಟ ತಳಿಯ ಮರಿಗಳ ಮೈಯಲ್ಲಿ ಸಕ್ಕರೆಯ ದಾಸ್ತಾನು ಅತಿ ಕಡಿಮೆ. ಹೊತ್ತು ಮೀರಿದರೆ ನಡುಗಿ ಕುಸಿಯುತ್ತವೆ. ದಿನಕ್ಕೆ ನಾಲ್ಕು ಸಲ ಚೂರುಚೂರು ಕೊಡಬೇಕು. ಈರುಳ್ಳಿ ಹಾಕಿದ ಹುಳಿಯನ್ನ ನಾಯಿಯ ಕೆಂಪುರಕ್ತಕಣಗಳನ್ನು ಒಡೆಯುತ್ತದೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಚಾಕೊಲೇಟೂ ವಿಷವೇ. ಮೈ ಸಣ್ಣದಾದಷ್ಟೂ ವಿಷವೂ ಸ್ವಲ್ಪವೇ ಸಾಕು.

ಇಷ್ಟೆಲ್ಲ ತಿಳಿದ ಮೇಲೂ ಸಣ್ಣ ನಾಯಿ ಬೇಕು ಎನ್ನುವವರಿಗೆ, ಬೇಡವೆಂದು ನಾನು ಹೇಳಲಾರೆ. ಹನ್ನೆರಡು, ಹದಿನೈದು ವರ್ಷ ಮನೆ ತುಂಬಿಕೊಂಡಿರುವ ಜೀವ ಅದು. ಗ್ರೇಟ್ ಡೇನ್ ಎಂಟು ವರ್ಷಕ್ಕೆ ಮುಪ್ಪಾಗುತ್ತದೆ. ಆದರೆ ಫೋಟೊ ನೋಡಿ ಮುಂಗಡ ಕಳಿಸಬೇಡಿ. ತಾಯಿನಾಯಿಯನ್ನು ಕಣ್ಣಾರೆ ನೋಡಿ. ಅದು ಅಂಗಳದಲ್ಲಿ ಎರಡು ಸುತ್ತು ಓಡಿಬಂದ ಮೇಲೆ ಹೇಗೆ ಉಸಿರಾಡುತ್ತದೆ ಕೇಳಿ. ತಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ತರಬೇಡಿ. ಕೇಂದ್ರ ಸರ್ಕಾರದ 2017ರ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಂಗೈಯಗಲದ, ಕಣ್ಣು ಈಗತಾನೆ ಬಿಟ್ಟ ಮರಿಯನ್ನು ಬುಟ್ಟಿಯಲ್ಲಿಟ್ಟು 'ಇದು ಇಷ್ಟೇ ಬೆಳೆಯೋದು' ಎಂದು ಕೊಡುವವರು ಇನ್ನೂ ಇದ್ದಾರೆ. ಅಷ್ಟು ಬೇಗ ತಾಯಿಯಿಂದ ಬೇರ್ಪಟ್ಟ ಮರಿ ಎಷ್ಟೋ ಸಲ ವಾರ ತುಂಬುವ ಮೊದಲೇ ಪಾರ್ವೊ ಕಾಯಿಲೆಗೆ ಹೋಗಿಬಿಡುತ್ತದೆ.

ತಂಗಿಯ ಮಗಳು ಕ್ಲಿನಿಕ್ಕಿಗೆ ಹೋಗಿ ಕೂತದ್ದು ಅರ್ಧ ಗಂಟೆಯಲ್ಲ, ಎರಡು ಗಂಟೆ. ಅಲ್ಲೇ ಅವಳಿಗೆ ಒಂದು ಸ್ಪಿಟ್ಜ್ ಸಿಕ್ಕಿತು. ಮನೆ ಖಾಲಿ ಮಾಡಿದವರು ಗೇಟಿನಾಚೆ ಬಿಟ್ಟುಹೋದದ್ದು, ಹಲ್ಲು ನೋಡಿ ವರ್ಷದ ಮೇಲಿರಬಹುದು ಎಂದರಂತೆ ಡಾಕ್ಟ್ರು. ಮೊನ್ನೆ ಫೋನು ಮಾಡಿದ್ದಳು: "ದೊಡ್ಡಮ್ಮ, ಹೊಳ್ಳೆ ಚೆನ್ನಾಗಿದೆ. ಎರಡೂ ಮಂಡಿ ಡಾಕ್ಟ್ರು ಒತ್ತಿ ನೋಡಿದ್ರು, ಜಾರಲ್ಲ. ಹಾಲುಹಲ್ಲು ಮಾತ್ರ ಎರಡು ಹಾಗೇ ಉಳ್ಕೊಂಡಿವೆ, ಶನಿವಾರ ತೆಗೆಸ್ತಿದೀವಿ. ಹೆಸರು ಹತ್ತು ಕರೆದು ನೋಡಿದ್ವಿ, ಯಾವುದಕ್ಕೂ ತಿರುಗ್ತಿಲ್ಲ." ಹಿಂದಿನಿಂದ ಅದು ಬೊಗಳುವುದು ಕೇಳಿಸುತ್ತಿತ್ತು. ಬೆಳ್ಳಿ ಜಮಖಾನದ ಮೇಲಿಂದ ತಲೆಯೆತ್ತಿ ಫೋನನ್ನೇ ನೋಡಿದಳು.