ಕಳ್ಳನಿಗೆ ಹಾಕಿದ ಬೀಗ, ಹೊರಗುಳಿದ ಓದುಗ

ಪುಸ್ತಕವನ್ನು ಕಣ್ಣಿನಿಂದಲೇ ಓದಬೇಕೆಂಬ ನಿಯಮವಿಲ್ಲ. ಗಮಕಿಗಳು ಕುಮಾರವ್ಯಾಸನ ಭಾರತವನ್ನು ವಾಚಿಸುವಾಗ ಅಕ್ಷರ ಬಾರದವರೂ ಅದನ್ನು ಕಿವಿಯಿಂದ ತಮ್ಮದಾಗಿಸಿಕೊಂಡ ನಾಡು ನಮ್ಮದು. ಆದರೆ ಇನ್ನೊಬ್ಬರ ನೆರವಿಲ್ಲದೆ ತಾವೇ ಓದುವ ದಾರಿ ಅಂಧರಿಗೆ ದೊರೆತದ್ದು ಫ್ರಾನ್ಸಿನ ಲೂಯಿ ಬ್ರೈಲ್‌ನಿಂದ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಆತ ತನ್ನ ಚುಕ್ಕೆಗಳ ಲಿಪಿಯನ್ನು 1829ರಲ್ಲಿ ಪ್ರಕಟಿಸಿದ. ಬ್ರೈಲ್ ಪುಸ್ತಕಗಳಾದರೋ ಗಾತ್ರದಲ್ಲಿ ದೊಡ್ಡವು, ತಯಾರಿಕೆ ನಿಧಾನ, ವೆಚ್ಚ ಹೆಚ್ಚು. ಅಚ್ಚಾಗುವ ಪುಸ್ತಕಗಳಲ್ಲಿ ಬಹುಪಾಲು ಅವರ ಕೈ ಸೇರಲೇ ಇಲ್ಲ.

ಈ ಕೊರತೆಯನ್ನು ವಿದ್ಯುನ್ಮಾನ ಪುಸ್ತಕ, ಅಂದರೆ ಇ-ಪುಸ್ತಕ, ನೀಗಿಸಬಹುದಿತ್ತು. ಕಂಪ್ಯೂಟರಿನೊಳಗೆ ಅಕ್ಷರವೆಂಬುದು ಒಂದು ಸಂಕೇತ ಮಾತ್ರ. ಅದನ್ನು ಪರದೆಯ ಮೇಲೆ ಆಕಾರವಾಗಿ ಮೂಡಿಸಬಹುದು. 'ಸ್ಕ್ರೀನ್ ರೀಡರ್' ಎಂಬ ತಂತ್ರಾಂಶದ ಮೂಲಕ ಧ್ವನಿಯಾಗಿಸಬಹುದು. ಬೆರಳಿಗೆ ತಾಗುವ ಬ್ರೈಲ್ ಚುಕ್ಕೆಗಳಾಗಿಯೂ ಎಬ್ಬಿಸಬಹುದು. ಬಿಡುಗಡೆಯ ದಿನವೇ ಎಲ್ಲರಂತೆ ಪುಸ್ತಕ ಕೊಂಡು ಓದುವ ಅವಕಾಶ ಅಂಧರಿಗೂ ಹೀಗೆ ತೆರೆಯಿತು.

ಅಡ್ಡ ಬಂದದ್ದು ಬೀಗ. ಕಳ್ಳ ಪ್ರತಿಗಳನ್ನು ತಡೆಯಲು ಪ್ರಕಾಶಕರು ಪಠ್ಯವನ್ನು ಗೂಢಲಿಪಿಯಲ್ಲಿಟ್ಟು, ಒಪ್ಪಿಗೆ ಪಡೆದ ತಂತ್ರಾಂಶದಲ್ಲಷ್ಟೇ ತೆರೆಯುವಂತೆ ಮಾಡಿದರು. ಪ್ರತಿ ತೆಗೆಯುವವನಿಗೂ ಬೇಕಾದದ್ದು ಪಠ್ಯ, ಸ್ಕ್ರೀನ್ ರೀಡರ್‌ಗೂ ಬೇಕಾದದ್ದು ಅದೇ ಪಠ್ಯ. ಯಾರಿಗೂ ಪಠ್ಯ ಬಿಟ್ಟುಕೊಡದಂತೆ ರಚಿಸಿದ ಬೀಗಕ್ಕೆ ಕಳ್ಳನಿಗೂ, ಹಣ ಕೊಟ್ಟು ಕೊಂಡ ಅಂಧ ಓದುಗನಿಗೂ ನಡುವಿನ ವ್ಯತ್ಯಾಸ ತಿಳಿಯದು.

2009ರ ಫೆಬ್ರುವರಿಯಲ್ಲಿ ಅಮೆಜಾನ್ ಸಂಸ್ಥೆಯ 'ಕಿಂಡಲ್ 2' ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯದೊಂದಿಗೆ ಬಂದಿತು. ಧ್ವನಿಮುದ್ರಿತ ಪುಸ್ತಕದ ಹಕ್ಕು ಬೇರೆ, ಅದಕ್ಕೆ ಬೇರೆ ಸಂಭಾವನೆ ಸಲ್ಲಬೇಕು ಎಂದು ಅಮೆರಿಕದ ಲೇಖಕರ ಸಂಘ ಆಕ್ಷೇಪಿಸಿತು. ಬರವಣಿಗೆಯನ್ನೇ ನಂಬಿ ಬದುಕುವವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಯಂತ್ರದ ಧ್ವನಿ ಹೊಸ ಪ್ರತಿಯನ್ನೇನೂ ಸೃಷ್ಟಿಸುವುದಿಲ್ಲ. ಅದು ಓದುವ ಒಂದು ಬಗೆ ಅಷ್ಟೇ. ಅಮೆಜಾನ್ ಮಣಿದು, ಸೌಲಭ್ಯ ಇರಬೇಕೋ ಬೇಡವೋ ಎಂಬುದನ್ನು ಪ್ರಕಾಶಕರ ಇಚ್ಛೆಗೆ ಬಿಟ್ಟಿತು. ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿರುವ ಸಂಘದ ಕಚೇರಿಯೆದುರು ಅಂಧರು ಪ್ರತಿಭಟನೆ ನಡೆಸಿದರು. ಅವರು ಕೇಳಿದ್ದು ಉಚಿತ ಪುಸ್ತಕವನ್ನಲ್ಲ, ಕೊಂಡ ಪುಸ್ತಕವನ್ನು ಓದುವ ಹಕ್ಕನ್ನು.

ಕಾನೂನಿನ ಕಥೆ ಇನ್ನೂ ವಿಚಿತ್ರ. ಅಮೆರಿಕದಲ್ಲಿ 1998ರ ಕಾಯ್ದೆಯೊಂದು ಇಂಥ ಬೀಗ ಮುರಿಯುವುದನ್ನು ನಿಷೇಧಿಸಿತು. ಓದಿ ಹೇಳುವ ತಂತ್ರಾಂಶವನ್ನು ತಡೆಯುವ ಇ-ಪುಸ್ತಕಗಳಿಗೆ 2003ರಲ್ಲಿ ವಿನಾಯಿತಿ ಸಿಕ್ಕಿತಾದರೂ ಅದರ ಅವಧಿ ಮೂರೇ ವರ್ಷ. ಪ್ರತಿ ಬಾರಿಯೂ ಮತ್ತೆ ಪಡೆಯಬೇಕು. ಮೇಲಾಗಿ, ಬೀಗ ತೆರೆಯುವ ಸಾಧನವನ್ನು ತಯಾರಿಸಿ ಮಾರುವ ನಿಷೇಧ ಹಾಗೆಯೇ ಉಳಿಯಿತು. ಬಾಗಿಲು ತೆರೆಯಬಹುದು, ಕೀಲಿ ಮಾತ್ರ ಯಾರೂ ಮಾಡಿಕೊಡಬಾರದು!

ಭಾರತ ಈ ವಿಷಯದಲ್ಲಿ ಹೆಚ್ಚು ಉದಾರಿ. ಅಂಗವಿಕಲರಿಗೆ ಅನುಕೂಲವಾದ ರೂಪಕ್ಕೆ ಕೃತಿಗಳನ್ನು ಪರಿವರ್ತಿಸಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅನುಮತಿ ನೀಡಿತು. ಅದೇ ತಿದ್ದುಪಡಿಯ ಪ್ರಕಾರ ಬೀಗ ಮುರಿಯುವುದು ಅಪರಾಧವಾಗುವುದು ಹಕ್ಕು ಉಲ್ಲಂಘಿಸುವ ಉದ್ದೇಶವಿದ್ದಾಗ ಮಾತ್ರ. ಅಂಧರಿಗಾಗಿ ಸಿದ್ಧಪಡಿಸಿದ ಪುಸ್ತಕಗಳು ಗಡಿ ದಾಟಲು ದಾರಿ ಮಾಡಿದ 2013ರ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಸ್ಥಿರೀಕರಿಸಿದ ದೇಶವೂ ನಮ್ಮದೇ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ಆರಂಭವಾಯಿತು.

ಆದರೂ ಅನುಮತಿ ಬೇರೆ, ಓದು ಬೇರೆ. ಬೀಗ ತೆರೆಯುವ ತಾಂತ್ರಿಕ ಜಾಣ್ಮೆ ಎಲ್ಲ ಓದುಗರಿಗೂ ಇರುವುದಿಲ್ಲ. ಪರಿವರ್ತಿತ ಪ್ರತಿ ಬರುವವರೆಗೆ ಕಾಯುವ ವಿದ್ಯಾರ್ಥಿಗಾಗಿ ಪರೀಕ್ಷೆ ಕಾಯುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 28ರಿಂದ ಅನ್ವಯವಾದ ನಿಯಮ ಸಮಸ್ಯೆಯನ್ನು ಮೂಲದಲ್ಲೇ ಹಿಡಿದಿದೆ: ಇ-ಪುಸ್ತಕದ ರಕ್ಷಣಾ ವ್ಯವಸ್ಥೆ ಅಂಗವಿಕಲರ ಸೌಲಭ್ಯಗಳಿಗೆ ಅಡ್ಡಿಯಾಗಕೂಡದು. ಬೀಗ ಇರಲಿ, ಆದರೆ ಹಣ ತೆತ್ತು ಬಂದವರನ್ನು ಅದು ಒಳಗೆ ಬಿಡಬೇಕು. ಇದು ದಯೆಯ ಮಾತಲ್ಲ, ವ್ಯಾಪಾರದ ಪ್ರಾಮಾಣಿಕತೆಯ ಮಾತು.