ಬರಿಗಾಲಿನ ನಿರ್ದೇಶಕ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ರೈಲುಗಾಡಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಊರುಗಳು ಒಂದರ ಹಿಂದೊಂದು ಎದುರಾಗುತ್ತವೆ. ಏಲಕ್ಕಿಯ ಹಾರಕ್ಕೆ ಹಾವೇರಿ, ಮೆಣಸಿನಕಾಯಿಗೆ ಬ್ಯಾಡಗಿ, ಬಿತ್ತನೆಯ ಬೀಜದ ವ್ಯಾಪಾರಕ್ಕೆ ರಾಣೆಬೆನ್ನೂರು ಹೆಸರಾಗಿವೆ. ಈ ಸೀಮೆಯ ಜನ ನಾಟಕಪ್ರಿಯರು. ಸಿನಿಮಾ ಬಂದಾಗ ಅದನ್ನೂ ಅಷ್ಟೇ ಅಕ್ಕರೆಯಿಂದ ಬರಮಾಡಿಕೊಂಡರು. ಸುಗ್ಗಿ ಮುಗಿದ ಮೇಲೆ ಎತ್ತಿನ ಬಂಡಿ ಕಟ್ಟಿಕೊಂಡು ಹಳ್ಳಿಗಳಿಂದ ಬಂದು, ನೆಲದ ಮೇಲೆ ಕುಳಿತು, ನಡುರಾತ್ರಿಯವರೆಗೂ ಚಿತ್ರ ನೋಡಿ ಹೋದ ಸಂಸಾರಗಳು ಎಷ್ಟೋ!

1960ರಲ್ಲಿ ‘ಭಕ್ತ ಕನಕದಾಸ’ ಚಿತ್ರ ತೆರೆಕಂಡಿತು. ಕನಕದಾಸರ ಹುಟ್ಟೂರಾದ ಬಾಡ ಇಂದಿನ ಹಾವೇರಿ ಜಿಲ್ಲೆಯಲ್ಲಿದೆ. ತಮ್ಮ ನೆಲದ ಸಂತನನ್ನು ರಾಜಕುಮಾರ್ ಅವರ ರೂಪದಲ್ಲಿ ಕಂಡ ಜನ ಆ ನಟನನ್ನು ಎಂದಿಗೂ ಮರೆಯಲಿಲ್ಲ. ಆದರೆ ಅದರ ನಿರ್ದೇಶಕರು ವೈ. ಆರ್. ಸ್ವಾಮಿ ಎಂಬುದನ್ನು ಎಷ್ಟು ಮಂದಿ ನೆನಪಿಟ್ಟುಕೊಂಡಾರು? ತೆರೆಯ ಮೇಲೆ ‘ನಿರ್ಮಾಪಕರು’, ‘ನಿರ್ದೇಶಕರು’ ಎಂಬ ಅಕ್ಷರಗಳು ಮೂಡುವ ಹೊತ್ತಿಗೆ ಪ್ರೇಕ್ಷಕನು ಇನ್ನೂ ಕೂರಲು ಜಾಗ ಹುಡುಕುತ್ತಿರುತ್ತಾನೆ.

ಹಾಗಾದರೆ ಈ ಇಬ್ಬರ ಕೆಲಸವೇನು?

ಬ್ಯಾಡಗಿಯ ಪೇಟೆಯನ್ನು ಕಂಡವರಿಗೆ ನಿರ್ಮಾಪಕನ ಪಾಡು ಅರ್ಥವಾಗದಿರದು. ವ್ಯಾಪಾರಿಯು ಮೊದಲು ಹಣ ಹಾಕುತ್ತಾನೆ, ಆಮೇಲೆ ದರಕ್ಕಾಗಿ ಕಾಯುತ್ತಾನೆ. ಚಿತ್ರ ನಿರ್ಮಾಪಕನೂ ಹಾಗೆಯೇ. ಕಥೆಯ ಹಕ್ಕು, ನಟರ ಸಂಭಾವನೆ, ಸ್ಟುಡಿಯೋದ ಬಾಡಿಗೆ, ನೂರಾರು ಜನರ ಊಟ ವಸತಿ, ಎಲ್ಲಕ್ಕೂ ಮೊದಲೇ ಹಣ ಒದಗಿಸಬೇಕು. ಫಿಲ್ಮಿನ ಕಾಲದಲ್ಲಿ ಆ ಸುರುಳಿಯ ಖರ್ಚೇ ದೊಡ್ಡದು. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ ಫಿಲ್ಮು ಎರಡೂವರೆ ಗಂಟೆಯ ಕಥೆಗೆ ಸುಮಾರು 13,500 ಅಡಿ ಬೇಕಾಗುತ್ತಿತ್ತು. ಅದರಲ್ಲಿ ಎರಡು ಲಕ್ಷಕ್ಕೂ ಮೀರಿದ ಬಿಡಿಚಿತ್ರಗಳು ಇರುತ್ತಿದ್ದವು. ಕೆಟ್ಟುಹೋದ ದೃಶ್ಯಗಳಿಗೆ ವ್ಯಯವಾದ ಫಿಲ್ಮಿನ ಲೆಕ್ಕ ಬೇರೆ. ಮೆಣಸಿನಕಾಯಿಗೆ ಇಂದು ದರ ಸಿಗದಿದ್ದರೆ ಚೀಲಗಳನ್ನು ಶೀತಲಗೃಹದಲ್ಲಿಟ್ಟು ಕಾಯಬಹುದು. ಮೊದಲ ವಾರದಲ್ಲೇ ಜನ ಬಾರದ ಚಿತ್ರಕ್ಕೆ ಅಂಥ ಭಾಗ್ಯವಿಲ್ಲ. ಅದು ಡಬ್ಬದೊಳಗೆ ಸೇರಿದರೆ ಸೇರಿದಂತೆಯೇ.

ನಿರ್ದೇಶಕನ ಚಿಂತೆ ಬೇರೆಯದು. ಕಾದಂಬರಿಯ ಪುಟದಲ್ಲಿ ‘ಅವಳು ಅತ್ತಳು’ ಎಂದು ಬರೆದರೆ ಲೇಖಕನ ಕೆಲಸ ಮುಗಿಯಿತು. ಅದೇ ಮಾತನ್ನು ತೆರೆಗೆ ತರುವವನು ಅವಳ ಮುಖ ಕಾಣಬೇಕೋ ಬೆನ್ನು ಕಾಣಬೇಕೋ, ದೀಪ ಎಷ್ಟಿರಬೇಕು, ಹಿನ್ನೆಲೆಯಲ್ಲಿ ವಾದ್ಯ ನುಡಿಯಬೇಕೋ ಮೌನವೇ ಇರಬೇಕೋ ಎಂಬುದನ್ನೆಲ್ಲ ನಿರ್ಧರಿಸಬೇಕು. ನಿರ್ಮಾಪಕನು ‘ಜನ ಬರುವರೇ?’ ಎಂದು ಕೇಳಿದರೆ ನಿರ್ದೇಶಕನು ‘ಇದು ಸರಿಯಾಗಿ ಬಂದಿತೇ?’ ಎಂದು ಕೇಳುತ್ತಾನೆ. ಈ ಎರಡು ಪ್ರಶ್ನೆಗಳೂ ಒಬ್ಬನ ಮನಸ್ಸಿನಲ್ಲೇ ಎದ್ದರೆ ಏನಾದೀತು? ಕನ್ನಡದಲ್ಲಿ ಅಂಥ ಇಕ್ಕಟ್ಟನ್ನು ಬಹುಕಾಲ ಹೊತ್ತು ನಡೆದವರಲ್ಲಿ ಜಿ. ವಿ. ಅಯ್ಯರ್ ಒಬ್ಬರು.

ಗಣಪತಿ ವೆಂಕಟರಮಣ ಅಯ್ಯರ್ ಅವರು 1917ರ ಸೆಪ್ಟೆಂಬರ್ 3ರಂದು ಕಪಿಲಾ ತೀರದ ನಂಜನಗೂಡಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಆ ಕಾಲದಲ್ಲಿ ಕಂಪನಿಯೆಂದರೆ ಮನೆಯೂ ಅದೇ, ಪಾಠಶಾಲೆಯೂ ಅದೇ. ಅಲ್ಲಿ ಹುಡುಗರು ಪರದೆ ಕಟ್ಟುವುದರಿಂದ ಹಿಡಿದು ಪದ ಹಾಡುವವರೆಗೆ ಎಲ್ಲವನ್ನೂ ಕಲಿಯಬೇಕಾಗುತ್ತಿತ್ತು. 1943ರ ‘ರಾಧಾರಮಣ’ ಅಯ್ಯರ್ ಅವರನ್ನು ಚಿತ್ರರಂಗಕ್ಕೆ ತಂದಿತು. 1954ರಲ್ಲಿ ರಾಜಕುಮಾರ್ ನಾಯಕನಾಗಿ ಮೊದಲು ಕಾಣಿಸಿಕೊಂಡ ‘ಬೇಡರ ಕಣ್ಣಪ್ಪ’ದಲ್ಲಿಯೂ ಅವರು ನಟಿಸಿದರು. ನಟನೆಯ ಜೊತೆಗೆ ಚಿತ್ರಗಳಿಗೆ ಹಾಡು, ಸಂಭಾಷಣೆಗಳನ್ನು ಬರೆಯುವ ಕೆಲಸವೂ ಅವರ ಕೈಹಿಡಿಯಿತು.

ಆಗ ಕನ್ನಡ ಚಿತ್ರಗಳ ಸಂಖ್ಯೆ ಬಹಳ ಕಡಮೆ. ಅವುಗಳಲ್ಲಿ ಹೆಚ್ಚಿನವು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಒಂದು ಚಿತ್ರ ಮುಗಿದರೆ ಮುಂದಿನದು ಎಂದು ಎಂಬುದು ನಟರಿಗೇ ತಿಳಿಯದು. ಈ ಸ್ಥಿತಿಯಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಅಯ್ಯರ್ ಒಂದುಗೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ನಾಡಿನಲ್ಲಿ ಸಂಚರಿಸಿ ನಾಟಕಗಳನ್ನಾಡಿದರು. ಆಮೇಲೆ ತಾವೇ ನಿರ್ಮಾಪಕರಾಗಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ಹೊರತಂದರು. ಕನಕದಾಸರನ್ನು ಕುರಿತ ಚಿತ್ರ ಬಂದ ವರ್ಷವೇ ಅದು. ಮೈಸೂರು ಅರಸರ ಚರಿತ್ರೆಯನ್ನು ಆಧರಿಸಿದ ಆ ಚಿತ್ರದ ನಿರ್ದೇಶಕರು ಎನ್. ಸಿ. ರಾಜನ್. ಕೂಲಿಗೆ ಕರೆದಾಗ ಹೋಗುವ ನಟರು ತಾವೇ ಹೊಲ ಹಿಡಿದು ಬಿತ್ತಿದಂತಾಯಿತು.

ಎರಡು ವರ್ಷಗಳ ತರುವಾಯ ಅಯ್ಯರ್ ‘ಭೂದಾನ’ದಿಂದ ನಿರ್ದೇಶಕರಾದರು. ವಿನೋಬಾ ಭಾವೆಯವರು 1951ರಲ್ಲಿ ಆರಂಭಿಸಿದ ಭೂದಾನ ಚಳವಳಿಯನ್ನು ನೆನಪಿಸುವ ಹೆಸರಿನ ಈ ಚಿತ್ರದಲ್ಲಿ ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರೂ ಪಾತ್ರ ವಹಿಸಿದರು. ‘ತಾಯಿ ಕರುಳು’, ‘ಲಾಯರ್ ಮಗಳು’, ‘ಪೋಸ್ಟ್ ಮಾಸ್ಟರ್’, ‘ಕಿಲಾಡಿ ರಂಗ’ ಮೊದಲಾದವು ಆ ಬಳಿಕ ಬಂದವು. ಹಾಡು, ಹಾಸ್ಯ, ಹೋರಾಟ ಇವುಗಳ ಹದ ಅವರಿಗೆ ಚೆನ್ನಾಗಿ ತಿಳಿದಿತ್ತು. ಅದೇ ದಾರಿಯಲ್ಲಿ ಮುಂದುವರಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಆದರೆ 1970ರಲ್ಲಿ ‘ಸಂಸ್ಕಾರ’ ಚಿತ್ರ ಬಂದು ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದುಕೊಟ್ಟಿತು. ತಾರೆಯರ ಮೆರುಗಿಲ್ಲದೆ, ಮನಸ್ಸಿಗೆ ಬಂದಾಗಲೆಲ್ಲ ಹಾಡುವ ನಾಯಕನಿಲ್ಲದೆ, ಒಂದು ಕಾದಂಬರಿಯ ಒಳತೋಟಿಯನ್ನೇ ತೆರೆಗೆ ತರಬಹುದೆಂಬುದು ಅದರಿಂದ ಸಿದ್ಧವಾಯಿತು. ಐವತ್ತು ದಾಟಿದ ಅಯ್ಯರ್ ಈಗ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಚಿತ್ರವಾಗಿಸಲು ಮುಂದಾದರು. ಆ ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳ ಮನೆ ಇರುವುದು ನಂಜನಗೂಡಿನಲ್ಲಿ. ಅಲ್ಲಿ ಹರಿಯುವುದು ಅಯ್ಯರ್ ಚಿಕ್ಕಂದಿನಿಂದ ಕಂಡ ಕಪಿಲೆ. ತಮ್ಮೂರಿನದೇ ಕಥೆ, ಹಣವೂ ತಮ್ಮದೇ ಹೊಣೆ, ನಿರ್ದೇಶನದ ಅನುಭವವೂ ಹತ್ತು ವರ್ಷದ್ದು. ಇಷ್ಟೆಲ್ಲ ಇದ್ದವರು ತಾವೇ ನಿರ್ದೇಶಿಸುವರೆಂದು ಯಾರಾದರೂ ಊಹಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಅದುವರೆಗೆ ಒಂದು ಚಿತ್ರವನ್ನೂ ನಿರ್ದೇಶಿಸದಿದ್ದ ರಂಗಭೂಮಿಯ ಇಬ್ಬರು ತರುಣರಿಗೆ, ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರಿಗೆ, ಆ ಪೀಠವನ್ನು ಬಿಟ್ಟುಕೊಟ್ಟರು.

ಇದರ ಬೆಲೆಯನ್ನು ಲೆಕ್ಕಹಾಕುವುದು ಸುಲಭವಲ್ಲ. ಹೊಲವನ್ನು ಹೊಸಬರ ಕೈಗೆ ಕೊಟ್ಟ ಒಡೆಯನು ಬೆಳೆ ಬರುವವರೆಗೂ ಬದುವಿನ ಮೇಲೆ ಕೂತು ಗೊಣಗುವುದುಂಟು. ಪಳಗಿದ ಕೈಯಿದ್ದೂ ಪಕ್ಕಕ್ಕೆ ಸರಿಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಚಿತ್ರವು ಅತ್ಯುತ್ತಮ ನಿರ್ದೇಶನಕ್ಕೆಂದು ಇರುವ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಮುಂದೆ ವಿಷ್ಣುವರ್ಧನ್ ಎಂದು ಮನೆಮಾತಾದ ಸಂಪತ್ ಕುಮಾರ್ ಎಂಬ ಯುವಕನು ಕನ್ನಡ ತೆರೆಗೆ ಬಂದದ್ದೂ ಇದೇ ಚಿತ್ರದಲ್ಲಿ.

ಕಿರಿಯರಿಗೆ ಪಾಠ ಹೇಳಬೇಕಾದ ವಯಸ್ಸಿನಲ್ಲಿ ಅಯ್ಯರ್ ಅವರಿಂದ ಪಾಠ ಕಲಿತರೆಂದೇ ತೋರುತ್ತದೆ. 1975ರಲ್ಲಿ ಅವರೇ ನಿರ್ದೇಶಿಸಿದ ‘ಹಂಸಗೀತೆ’ಯು ‘ಕಿಲಾಡಿ ರಂಗ’ ಮಾಡಿದವರ ಚಿತ್ರವೆಂದು ನಂಬುವುದೇ ಕಷ್ಟ. ತ. ರಾ. ಸುಬ್ಬರಾಯರ ಕಾದಂಬರಿಯನ್ನು ಆಧರಿಸಿದ ಈ ಕಥೆಯ ನಾಯಕನು ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ. ವಿದ್ಯೆಯ ಗರ್ವದಿಂದ ಹೊರಟು, ಪೆಟ್ಟು ತಿಂದು, ಸಾಧನೆಯಿಂದ ಪಕ್ವನಾಗುವ ಈತ ಕೊನೆಗೆ ಅಧಿಕಾರದ ಅಪ್ಪಣೆಗೆ ಹಾಡಲು ಒಪ್ಪದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಅನಂತನಾಗ್ ಆ ಪಾತ್ರವನ್ನು ವಹಿಸಿದರು. ಬಾಲಮುರಳೀಕೃಷ್ಣ ಅವರ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಚಿತ್ರಗಳಲ್ಲಿ ಹಾಡೆಂದರೆ ಕಥೆಯ ನಡುವಿನ ವಿಶ್ರಾಂತಿಯೆಂಬ ರೂಢಿಯಿದ್ದಾಗ ಇಲ್ಲಿ ಸಂಗೀತವೇ ಕಥೆಯಾಯಿತು.

1983ರಲ್ಲಿ ಅವರು ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ‘ಆದಿ ಶಂಕರಾಚಾರ್ಯ’ ಸಂಸ್ಕೃತದಲ್ಲಿ ತಯಾರಾದ ಮೊದಲ ಚಲನಚಿತ್ರ. ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಚಿತ್ರ ತೆಗೆದರೆ ನೋಡುವವರಾರು? ಖಾಸಗಿಯವರು ಹಣ ಹೂಡಲು ಅಂಜುವ ಕೆಲಸವಿದು; ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವು ನಿರ್ಮಾಣದ ಹೊಣೆ ಹೊತ್ತಿತು. ಶಂಕರರ ತತ್ತ್ವವನ್ನು ಬರಿಯ ಮಾತಿನಲ್ಲಿ ಹೇಳಿಸಿದ್ದರೆ ಚಿತ್ರವು ಉಪನ್ಯಾಸವಾಗುತ್ತಿತ್ತು. ಅಯ್ಯರ್ ಪ್ರಜ್ಞಾನ ಮತ್ತು ಮೃತ್ಯು ಎಂಬ ಎರಡು ಭಾವಗಳಿಗೆ ಮಾನವರೂಪ ಕೊಟ್ಟು ಶಂಕರರ ಜೊತೆಯಲ್ಲಿ ನಡೆಸಿದರು. ಕಾಣದುದನ್ನು ಕಣ್ಣಿಗೆ ಕಾಣಿಸುವ ಉಪಾಯವಿದು. ನಿರ್ದೇಶಕನ ಕೆಲಸವೇನೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅತ್ಯುತ್ತಮ ಚಿತ್ರ, ಚಿತ್ರಕಥೆ, ಛಾಯಾಗ್ರಹಣ, ಶಬ್ದಗ್ರಹಣಗಳಿಗಾಗಿ ಅದಕ್ಕೆ ನಾಲ್ಕು ರಾಷ್ಟ್ರಪ್ರಶಸ್ತಿಗಳು ಸಂದವು.

ಅನಂತರ ಕನ್ನಡದಲ್ಲಿ ‘ಮಧ್ವಾಚಾರ್ಯ’, ತಮಿಳಿನಲ್ಲಿ ‘ರಾಮಾನುಜಾಚಾರ್ಯ’ ಬಂದವು. 1993ರ ‘ಭಗವದ್ಗೀತಾ’ ಮತ್ತೆ ಸಂಸ್ಕೃತದಲ್ಲಿಯೇ. ಅದಕ್ಕೂ ದೇಶದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ದೊರೆಯಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ‘ರಣಧೀರ ಕಂಠೀರವ’ದಂಥ ಚಿತ್ರಗಳನ್ನು ನೋಡಲು ಬಂಡಿ ಕಟ್ಟಿಕೊಂಡು ಬರುತ್ತಿದ್ದ ಜನರಿಗೂ ಈ ಕೊನೆಯ ಚಿತ್ರಗಳಿಗೂ ನಡುವೆ ದೂರ ಬೆಳೆಯಿತು. ಪ್ರಶಸ್ತಿ ಪಡೆದ ಚಿತ್ರವು ಸಣ್ಣ ಊರಿನ ಚಿತ್ರಮಂದಿರವನ್ನು ತಲುಪುವುದು ಅಂದಿಗೂ ಅಪರೂಪ, ಇಂದಿಗೂ ಅಪರೂಪ. ಇದನ್ನು ಅಯ್ಯರ್ ಒಬ್ಬರ ದೋಷವೆನ್ನಲಾಗದು. ಆದರೂ ಸಂತರ ಕಥೆಯನ್ನು ಜನ ಕೈಬಿಟ್ಟಿದ್ದರೆಂದು ಇದರ ಅರ್ಥವಲ್ಲ. ಹಾವೇರಿ ಜಿಲ್ಲೆಗೇ ಸೇರಿದ ಶಿಶುನಾಳದ ಶರೀಫರನ್ನು ಕುರಿತು ಟಿ. ಎಸ್. ನಾಗಾಭರಣ ಅವರು 1990ರಲ್ಲಿ ‘ಸಂತ ಶಿಶುನಾಳ ಶರೀಫ’ ಚಿತ್ರವನ್ನು ನಿರ್ದೇಶಿಸಿದಾಗ, ಜನರ ಬಾಯಲ್ಲಿದ್ದ ಪದಗಳೇ ಆ ಚಿತ್ರವನ್ನು ಜನರ ಬಳಿಗೆ ಒಯ್ದವು. ಸಂಸ್ಕೃತದ ಚಿತ್ರಕ್ಕೆ ಆ ಅನುಕೂಲವಿರಲಿಲ್ಲ. ಅದನ್ನು ಬಲ್ಲವರಾಗಿಯೇ, ಒಳಗಿದ್ದ ನಿರ್ಮಾಪಕನ ಪ್ರಶ್ನೆಯನ್ನು ಬದಿಗಿಟ್ಟು, ಅಯ್ಯರ್ ಆ ದಾರಿಯನ್ನು ಹಿಡಿದರು.

ಖಾದಿಯುಟ್ಟು ಬರಿಗಾಲಿನಲ್ಲಿ ನಡೆಯುತ್ತಿದ್ದ ಅವರನ್ನು ಕನ್ನಡ ಚಿತ್ರರಂಗದ ಭೀಷ್ಮರೆಂದು ಕರೆಯುವುದು ವಾಡಿಕೆಯಾಯಿತು. 1998ರಲ್ಲಿ ತೆರೆಕಂಡ ಹಿಂದಿಯ ‘ಸ್ವಾಮಿ ವಿವೇಕಾನಂದ’ದ ಹೊತ್ತಿಗೆ ಅವರಿಗೆ ಎಂಬತ್ತು ತುಂಬಿತ್ತು. ಅದಾದ ಮೇಲೂ ರಾಮಾಯಣವನ್ನು ಚಿತ್ರವಾಗಿಸಬೇಕೆಂದು ಅವರು ಹಂಬಲಿಸುತ್ತಿದ್ದರು. ಅದು ಕೈಗೂಡುವ ಮುನ್ನವೇ, 2003ರ ಡಿಸೆಂಬರ್ 21ರಂದು, ಮುಂಬಯಿಯಲ್ಲಿ ನಿಧನರಾದರು.