ಸಾಕ್ಷಿ ಹೇಳಿದ ಮರುದಿನ

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಮಾತು ಬಂದರೆ ಊರ ಕಟ್ಟೆಯ ಮೇಲಿನ ಚರ್ಚೆಯೆಲ್ಲ ಬಂಧನ, ಜಾಮೀನುಗಳ ಸುತ್ತಲೇ ತಿರುಗುತ್ತದೆ. 1989ರ ಆ ಕಾಯ್ದೆಯಡಿ 1995ರಲ್ಲಿ ರಚನೆಯಾದ ನಿಯಮಗಳನ್ನು ಓದಿದವರು ಕಡಿಮೆ. ಅವುಗಳಲ್ಲಿ 11ನೆಯದು ತೀರಾ ಸಣ್ಣದೆನಿಸುವ ಸಂಗತಿಗಳನ್ನು ಹೇಳುತ್ತದೆ. ತನಿಖೆಗೋ ವಿಚಾರಣೆಗೋ ಬರುವ ಸಂತ್ರಸ್ತರಿಗೂ ಸಾಕ್ಷಿಗಳಿಗೂ ಹೋಗಿಬರುವ ಖರ್ಚು ಕೊಡಬೇಕು. ಊರು ಬಿಟ್ಟು ಬಂದ ದಿನಗಳಿಗೆ ಕೊಡುವ ಭತ್ಯೆ ಕೃಷಿ ಕೂಲಿಕಾರರ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು. ಸಾಕ್ಷಿ ಹೆಣ್ಣುಮಗಳಾದರೆ ತನಗೆ ಬೇಕಾದವರನ್ನು ಜೊತೆಗೆ ಕರೆತರಬಹುದು. ಹಣ ಕೂಡಲೇ, ತಡವಾದರೂ ಮೂರು ದಿನದೊಳಗೆ ಕೈಸೇರಬೇಕು. ರಾಯಚೂರಿನಂಥ ಜಿಲ್ಲೆಯಲ್ಲಿ ಮಾನವ ಹಕ್ಕುಗಳಿಗೆ ಕಾನೂನಿನ ಕಾವಲು ಇದೆಯೋ ಇಲ್ಲವೋ ಎಂಬುದನ್ನು ಶಿಕ್ಷೆಯ ಕಲಮುಗಳಿಗಿಂತ ಹೆಚ್ಚಾಗಿ ಇಂಥ ನಿಯಮಗಳೇ ತೀರ್ಮಾನಿಸುತ್ತವೆ ಎಂಬುದು ನನ್ನ ವಾದ.

ಯಾಕೆಂದರೆ ಇಲ್ಲಿ ಪೆಟ್ಟು ಕೊಟ್ಟವರೂ ತಿಂದವರೂ ಒಂದೇ ಊರಿನಲ್ಲಿ ಬಾಳಬೇಕು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ನೀರು ಎಲ್ಲರ ಹೊಲಕ್ಕೂ ಸಮನಾಗಿ ಹರಿದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ಮಾನ್ವಿಯ ರೈತರಿಗೆ ನೀರಿನ ತಕರಾರು ವರ್ಷ ವರ್ಷದ್ದು. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವವರ ಸಾಲು ಇನ್ನೂ ನಿಂತಿಲ್ಲ. ಹೊಲವಿಲ್ಲದ ಕುಟುಂಬಕ್ಕೆ ನಾಟಿ, ಕಳೆ, ಹತ್ತಿ ಬಿಡಿಸುವ ಕೆಲಸವೇ ವರ್ಷದ ಅನ್ನ, ಅದು ಸಿಗುವುದು ಊರಿನ ಹೊಲವಂತರಿಂದ. ಹೀಗಿರುವಾಗ ಕೇರಿಯವರನ್ನು ಬಗ್ಗಿಸಲು ಬಡಿಗೆ ಎತ್ತಬೇಕಾಗಿಲ್ಲ, ಕೂಲಿಗೆ ಕರೆಯಬೇಡಿ, ಕಿರಾಣಿ ಕೊಡಬೇಡಿ ಎಂದು ಡಂಗುರ ಹೊಡೆಸಿದರೆ ಸಾಕು. 2015ರ ತಿದ್ದುಪಡಿ ಇಂಥ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೇ ಅಪರಾಧವೆಂದು ಹೆಸರಿಸಿತು. ಆದರೂ ದೂರು ಕೊಡಲು ಮೊದಲೊಬ್ಬರು ಮುಂದೆ ಬರಬೇಕಲ್ಲ? 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತರ ಪುಟ್ಟ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತೆಂದು ಶುದ್ಧೀಕರಣದ ಹೆಸರಿನಲ್ಲಿ ಸಾವಿರಾರು ರೂಪಾಯಿ ದಂಡ ಹೇರಲಾಯಿತು. ಮಗುವಿನ ಮನೆಯವರು ದೂರು ಕೊಡಲು ಹಿಂಜರಿದರು. ಕೊನೆಗೆ ಸರ್ಕಾರಿ ಅಧಿಕಾರಿಯೇ ದೂರುದಾರರಾಗಿ ಆರೋಪಿಗಳ ಬಂಧನವಾಯಿತು. ಮನೆಯವರ ಹಿಂಜರಿಕೆಯನ್ನು ಹೇಡಿತನ ಎನ್ನಲು ನನಗೆ ಮನಸ್ಸಿಲ್ಲ. ಮರುದಿನದ ಬದುಕಿನ ಲೆಕ್ಕ ಗೊತ್ತಿದ್ದವರ ನಡೆ ಅದು.

ಆ ಲೆಕ್ಕ ತಪ್ಪಿದರೆ ಎಂಥ ಕೇಸೂ ಬೀಳುತ್ತದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಇಡೀ ರಾಜ್ಯ ನಡುಗಿದ ಪ್ರಕರಣ ಅದು. ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾಯ್ದೆಯ ಕಠಿಣ ಕಲಮುಗಳು ಆಗಲೂ ಇದ್ದವು. ಅದೇ 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಎಳೆದಾಡಿದ ಆ ಪ್ರಕರಣದಲ್ಲಿ 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು, ಅವರಲ್ಲಿ 98 ಮಂದಿಗೆ ಜೀವಾವಧಿ. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನು ಸಿಕ್ಕಿತೆಂಬುದು ಬೇರೆ ಮಾತು, ಮೇಲ್ಮನವಿ ಅವರ ಹಕ್ಕು. ದಶಕದ ಕಾಲ ವಾಯಿದೆಗೆ ಅಲೆದೂ ಸಾಕ್ಷಿ ಉಳಿದುಕೊಂಡದ್ದರಿಂದಲೇ ಮರಕುಂಬಿಯ ತೀರ್ಪು ಹೊರಬಿತ್ತು. ದೋಷಾರೋಪ ಪಟ್ಟಿ ಬಂದ ಎರಡು ತಿಂಗಳಲ್ಲಿ, ಸಾಧ್ಯವಾದ ಮಟ್ಟಿಗೆ, ವಿಚಾರಣೆ ಮುಗಿಯಬೇಕೆಂದು ಈಗ ಕಾಯ್ದೆಯೇ ಹೇಳುತ್ತದೆ. ಹತ್ತು ವರ್ಷ ಗಟ್ಟಿಯಾಗಿ ನಿಲ್ಲುವ ಸಾಕ್ಷಿ ಎಲ್ಲ ಊರಲ್ಲೂ ಸಿಗುವುದಿಲ್ಲ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ದುರುಪಯೋಗದ್ದು. ಶಿಕ್ಷೆಯಾಗುವ ಪ್ರಕರಣಗಳು ಇಷ್ಟು ಕಡಿಮೆ ಎಂದಮೇಲೆ ಹಾಕಿದ ಕೇಸುಗಳೇ ಸುಳ್ಳಲ್ಲವೇ ಎಂದು ಕೇಳುತ್ತಾರೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ಆತಂಕದಿಂದ ಬಂಧನಕ್ಕೆ ಮುಂಚೆ ಅನುಮತಿ, ಪ್ರಾಥಮಿಕ ವಿಚಾರಣೆ ಇರಲಿ ಎಂದಿತ್ತು. ಅದೇ ವರ್ಷ ಸಂಸತ್ತು ಕಾಯ್ದೆ ತಿದ್ದಿತು, 2019ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ತನ್ನ ನಿರ್ದೇಶನಗಳನ್ನು ತಾನೇ ಹಿಂಪಡೆಯಿತು. ಸುಳ್ಳು ದೂರುಗಳು ಇಲ್ಲವೇ ಇಲ್ಲ ಎನ್ನುವುದು ಮೊಂಡುತನವಾದೀತು. ಜಮೀನಿನ, ಚುನಾವಣೆಯ ಜಗಳಕ್ಕೆ ಜಾತಿಯ ಬಣ್ಣ ಹಚ್ಚುವವರೂ ಇದ್ದಾರೆ. ಆದರೆ ಖುಲಾಸೆಯನ್ನೆಲ್ಲ ಸುಳ್ಳಿನ ಖಾತೆಗೆ ಬರೆಯುವುದಾದರೆ ಕಂಬಾಲಪಲ್ಲಿಯಲ್ಲಿ ಸುಟ್ಟು ಸತ್ತ ಏಳು ಜನರನ್ನು ಯಾವ ಖಾತೆಗೆ ಬರೆಯಬೇಕು? ಊರಿನ ಶಾಂತಿಗೆ ರಾಜಿಯೇ ಮೇಲು ಎನ್ನುವವರ ಮಾತಿನಲ್ಲಿ ಒಂದಿಷ್ಟು ತಥ್ಯವಿದೆ, ಕೋರ್ಟು ಯಾರ ಮನಸ್ಸನ್ನೂ ಕೂಡಿಸಿಕೊಡಲಾರದು. ಆದರೆ ರಾಜಿ ಪಂಚಾಯಿತಿಗೆ ಕೂತ ಹಿರಿಯರ ಹೊಲದಲ್ಲೇ ದೂರುದಾರನ ಕೂಲಿ ಇದ್ದರೆ ಆತ ಬೇಡ ಎನ್ನುವುದು ಹೇಗೆ? ಕಾನೂನು ಕೊಡುವ ಪರಿಹಾರ ಧನವನ್ನು ಎಫ್‌ಐಆರ್, ದೋಷಾರೋಪ ಪಟ್ಟಿ, ಶಿಕ್ಷೆ ಹೀಗೆ ಹಂತ ಹಂತವಾಗಿ ಇಟ್ಟಿರುವುದು, ಜಾಮೀನು ಅರ್ಜಿ ಬಂದಾಗ ಸಂತ್ರಸ್ತರ ಮಾತನ್ನೂ ಕೇಳಬೇಕೆಂದಿರುವುದು, ಆ 'ಬೇಡ'ಕ್ಕೆ ಒಂದಿಷ್ಟು ಬಲ ಬರಲೆಂದೇ.

ಇದನ್ನೆಲ್ಲ ಜಾರಿಗೆ ತರಬೇಕಾದ ಕಚೇರಿಗಳು ರಾಯಚೂರಿನಲ್ಲೇ ಇವೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರ ಕೈಗೆ ಹೋಗಬಾರದು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಈಚೆಗೆ ತನ್ನದೇ ಪೊಲೀಸ್ ಠಾಣೆಗಳು ಬಂದಿವೆ. ಇಂಥ ಸಮಿತಿಯ ಸಭೆಯಲ್ಲಿ ಎಷ್ಟು ಕೇಸು ದಾಖಲಾದವು, ಎಷ್ಟು ಪರಿಹಾರ ಹಂಚಿದರು ಎಂಬುದರ ಜೊತೆಗೆ, ದೇವದುರ್ಗದಿಂದ ಬಂದ ಸಾಕ್ಷಿಗೆ ಮೂರು ದಿನದೊಳಗೆ ಭತ್ಯೆ ಸಿಕ್ಕಿತೇ, ದೂರು ಕೊಟ್ಟ ಮನೆಯವರನ್ನು ಈ ಹಂಗಾಮಿಗೆ ಕೂಲಿಗೆ ಕರೆದರೇ ಎಂದೂ ಕೇಳಬೇಕು. ಕೋರ್ಟಿನ ಅಂಗಳದ ವಾತಾವರಣವೂ ಲೆಕ್ಕಕ್ಕೆ ಬರುತ್ತದೆ. 2022ರ ಗಣರಾಜ್ಯೋತ್ಸವದಂದು ರಾಯಚೂರು ಜಿಲ್ಲಾ ನ್ಯಾಯಾಲಯದಲ್ಲಿ ಅಂಬೇಡ್ಕರ್ ಭಾವಚಿತ್ರ ತೆಗೆಸಲಾಯಿತೆಂಬ ಆರೋಪ ಎದ್ದಿತು, ನ್ಯಾಯಾಧೀಶರು ಅದನ್ನು ಅಲ್ಲಗಳೆದರು. ರಾಜ್ಯದಾದ್ಯಂತ ಜನ ಬೀದಿಗಿಳಿದ ಮೇಲೆ ರಾಷ್ಟ್ರೀಯ ದಿನಾಚರಣೆಗಳಲ್ಲಿ ಭಾವಚಿತ್ರ ಇಡಬೇಕೆಂದು ಹೈಕೋರ್ಟ್ ಸುತ್ತೋಲೆ ಹೊರಡಿಸಿತು. ಒಂದು ಫೋಟೊಗೆ ಇಷ್ಟೊಂದು ಗದ್ದಲವೇ ಎಂದು ಕೇಳಿದವರು ಆ ಬಾಗಿಲಲ್ಲಿ ದೂರುದಾರರಾಗಿ ನಿಂತವರಲ್ಲ.

ಇನ್ನು ಮರಕುಂಬಿಯ ಉಳಿದ ಮೂವರು. ಅವರಿಗಾದದ್ದು ಐದು ವರ್ಷ, ಏಕೆಂದರೆ ಅವರೂ ಪರಿಶಿಷ್ಟ ಸಮುದಾಯದವರೇ. ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದವರು ಎಸಗಿದ ಕೃತ್ಯಗಳಿಗಷ್ಟೇ ಈ ಕಾಯ್ದೆಯ 3ನೇ ಕಲಮು ಅನ್ವಯಿಸುತ್ತದೆ. ರಾಯಚೂರು ಜಿಲ್ಲೆಗೆ ಈ ಮಿತಿ ದೂರದ ಮಾತಲ್ಲ. ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ ಮೂರೂ ಪರಿಶಿಷ್ಟ ಪಂಗಡದ ಮೀಸಲು ವಿಧಾನಸಭಾ ಕ್ಷೇತ್ರಗಳು. 1991ರಲ್ಲಿ ಪಂಗಡದ ಪಟ್ಟಿ ಸೇರಿದ ನಾಯಕ ಸಮುದಾಯ ಇಲ್ಲಿ ದೊಡ್ಡದು. ಅದರಲ್ಲೂ ಹೊಲವಿಲ್ಲದ ಬಡವರು ಬೇಕಾದಷ್ಟಿದ್ದಾರೆ, ಪ್ರಬಲರ ಪೆಟ್ಟು ತಿಂದವರೂ ಇದ್ದಾರೆ. ಹಾಗಾಗಿ ಕಲಮನ್ನೇ ತಿದ್ದಿ ಶೋಷಿತರ ಮೇಲೆ ಶೋಷಿತರನ್ನು ಎತ್ತಿಕಟ್ಟಬಾರದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಪಂಗಡದವರಿಂದ ಬಹಿಷ್ಕಾರಕ್ಕೆ ಒಳಗಾದ ಮಾದಿಗರ ಕುಟುಂಬವೊಂದು ಇದ್ದರೆ ಅದಕ್ಕೆ 11ನೇ ನಿಯಮದ ಕೂಲಿ ಭತ್ಯೆಯೂ ಸಿಗದು. ಆಗ ನೆರವಿಗಿರುವುದರಲ್ಲಿ ಒಂದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ. ಅದಕ್ಕೆ ಆರೋಪಿಯ ಜಾತಿ ಬೇಕಿಲ್ಲ ನಿಜ, ಆದರೆ ಅದರಡಿ ಬಹಿಷ್ಕಾರಕ್ಕಿರುವ ಸಜೆ ಹೆಚ್ಚೆಂದರೆ ಆರು ತಿಂಗಳು. ಶಿಕ್ಷೆಯ ಗಡಿಯನ್ನು ಮುಟ್ಟದೆ ರಕ್ಷಣೆಯ ಗಡಿಯನ್ನು ಹಿಗ್ಗಿಸಲು ದಾರಿ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಸಾಕ್ಷಿ ರಕ್ಷಣಾ ಯೋಜನೆ ರೂಪಿಸಬೇಕು ಎನ್ನುತ್ತದೆ. ಆ ಯೋಜನೆಯೊಳಗೆ ಬಸ್ ಖರ್ಚು, ದಿನಗೂಲಿ, ಜೊತೆಗಾರರ ಹಕ್ಕು ಇವನ್ನು ಆರೋಪಿಯ ಜಾತಿ ನೋಡದೆ ಬರೆಯಲು ಸಂಸತ್ತಿನವರೆಗೆ ಹೋಗಬೇಕಾಗಿಲ್ಲ, ವಿಧಾನಸೌಧದ ಒಂದು ಅಧಿಸೂಚನೆ ಸಾಕು.